ಬೈಸಿಕೊಳ್ಳಲು ಬಾರದ ಯಂತ್ರ

ನಮ್ಮ ಯಜಮಾನರಿಗೆ ಎರಡು ಕಸುಬು. ಒಂದು, ಕೃಷ್ಣರಾಜಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಟಿವಿ ರಿಪೇರಿ ಮಾಡುವುದು. ಇನ್ನೊಂದು, ಮುಂದೆ ಏನಾಗುತ್ತದೆ ಎಂದು ಹೇಳುವುದು. ಮೊದಲನೆಯದರಿಂದ ಮನೆ ನಡೆಯಿತು. ಎರಡನೆಯದರಿಂದ ಮನೆಯೊಳಗೆ ನಡೆದಾಡಲು ಜಾಗ ಇಲ್ಲದಂತಾಯಿತು. ಅಟ್ಟದ ಮೇಲೆ ಈಗಲೂ ಟಿವಿ ಆಂಟೆನಾಗಳ ಕಟ್ಟುಗಳಿವೆ. ಹಳ್ಳಿಗೆ ಕೇಬಲ್ಲು ಬರುವುದೇ ಇಲ್ಲ, ಅಷ್ಟು ದೂರ ತಂತಿ ಎಳೆಯುವ ದಡ್ಡ ಯಾರಿದ್ದಾನೆ ಎಂದು ಹೇಳಿ ಅವರು ಆಂಟೆನಾ ತರಿಸಿ ಗುಡ್ಡೆ ಹಾಕಿದ ಮರುವರ್ಷವೇ ಕೇಬಲ್ಲು ಬಂತು. ಅವುಗಳಲ್ಲಿ ಕೆಲವನ್ನು ನಾನು ಹಿತ್ತಲಲ್ಲಿ ನೆಟ್ಟು ಚಪ್ಪರದವರೆ ಬಳ್ಳಿ ಹಬ್ಬಿಸಿದ್ದೇನೆ. ಕಾಯಿ ಚೆನ್ನಾಗಿ ಬಿಡುತ್ತದೆ.

ಕೇಬಲ್ಲು ಬಂದ ಮೇಲೆ, ಇನ್ನು ಡಿಶ್ಶು ಬರುವುದಿಲ್ಲ ಅಂದರು. ಅದೂ ಬಂತು. ಮೊಬೈಲು ಬಂದಾಗ, ಹೊಲದ ಈ ಬದುವಿನಲ್ಲಿ ನಿಂತು ಕೂಗಿದರೆ ಆ ಬದುವಿಗೆ ಕೇಳಿಸುವ ಗಂಟಲು ನಮ್ಮ ಜನಕ್ಕಿದೆ, ಇದೆಲ್ಲ ಬೆಂಗಳೂರಿನವರ ಶೋಕಿ ಎಂದು ತೀರ್ಪು ಕೊಟ್ಟರು. ತೀರ್ಪು ತಲೆಕೆಳಗಾದರೆ ಅವರಿಗೆ ಒಂದು ಚೂರೂ ಬೇಜಾರಿಲ್ಲ. ನಾನು ಹೇಳಿದ್ದು ಸುಳ್ಳಲ್ಲ, ಸ್ವಲ್ಪ ಮುಂಚೆ ಹೇಳಿಬಿಟ್ಟೆ ಅನ್ನುತ್ತಾರೆ. ಯಾವುದಕ್ಕೆ ಮುಂಚೆ, ಯಾರಿಗೆ ಮುಂಚೆ, ಅದನ್ನೆಲ್ಲ ಕೇಳಬಾರದು. ಕೇಳಿದರೆ ಹೆಂಗಸರಿಗೆ ದೂರದೃಷ್ಟಿ ಇಲ್ಲ ಎಂಬ ಇನ್ನೊಂದು ತೀರ್ಪು ಬರುತ್ತದೆ.

ನನ್ನ ಕಸುಬಿನ ಮೇಲೂ ಅವರ ಕಣ್ಣು ಬಿದ್ದಿತ್ತು. ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಡಂ ಆಗಿದ್ದವಳು, ಹೋದ ವರ್ಷ ರಿಟೈರಾದೆ. ಮೊಬೈಲಿನಲ್ಲಿ ಜನ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಒತ್ತಲು ಶುರುಮಾಡಿದಾಗ ಯಜಮಾನರು ಊಟದ ತಟ್ಟೆ ಮುಂದೆ ಕೂತು, ಇನ್ನು ಕೆಲವೇ ವರ್ಷದಲ್ಲಿ ಕನ್ನಡ ಅಕ್ಷರ ಬರೆಯುವವರು ಒಬ್ಬರೂ ಇರುವುದಿಲ್ಲ, ನಿನ್ನ ಕೆಂಪು ಪೆನ್ನು ಮ್ಯೂಸಿಯಮ್ಮಿಗೆ ಹೋಗುತ್ತದೆ ಅಂದರು. ಆದದ್ದೇ ಬೇರೆ. ಜನ ಯಾವ ಅಕ್ಷರವನ್ನೂ ಒತ್ತುವುದನ್ನೇ ಬಿಟ್ಟರು. ನಮ್ಮ ಬೀದಿಯ ಹೆಂಗಸರು ಈಗ ಮೊಬೈಲನ್ನು ರೊಟ್ಟಿ ಕಚ್ಚುವ ಹಾಗೆ ಬಾಯಿಗೆ ಅಡ್ಡ ಹಿಡಿದು ಮಾತಾಡಿ ಕಳಿಸುತ್ತಾರೆ. ಸೊಸೆಯ ಮೇಲಿನ ದೂರು, ಹುಳಿಗೆ ಉಪ್ಪು ಹೆಚ್ಚಾದದ್ದು, ಪಕ್ಕದ ಮನೆ ನಾಯಿ ಬೊಗಳಿದ್ದು, ಎಲ್ಲ ಅದರೊಳಗೆ ಹೋಗುತ್ತದೆ. ಬಾಯಿಗೆ ಬಂದದ್ದೇ ಹೋಗುವುದರಿಂದ ಕಾಗುಣಿತದ ತಾಪತ್ರಯ ಇಲ್ಲ. ನನ್ನ ಕೆಂಪು ಪೆನ್ನು ಈಗ ಹಾಲಿನವನ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದೆ.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಇವರ ಇತ್ತೀಚಿನ ಭವಿಷ್ಯವಾಣಿ ನನ್ನ ಮಗಳ ಮದುವೆಗೇ ಕೈ ಹಾಕಿತು. ಸಂಬಂಧ ಶ್ರೀರಂಗಪಟ್ಟಣದ ಗಂಜಾಂನದು. ಒಳ್ಳೆಯ ಜನ, ಸ್ವಲ್ಪ ಜೋರು. ಛತ್ರ ಗೊತ್ತಾಗಿತ್ತು, ಸೀರೆ ತಂದಾಗಿತ್ತು. ಗೊತ್ತಾಗದೇ ಉಳಿದದ್ದು ಒಂದೇ: ನನ್ನ ಮಗಳನ್ನು ಹಸೆಮಣೆಗೆ ಕರೆತರುವವರು ಯಾರು? ನಮ್ಮಲ್ಲಿ ಅದು ಸೋದರಮಾವನ ಕೆಲಸ. ಬೇರೆ ಯಾರು ಕೈ ಹಿಡಿದು ತಂದರೂ ಶಾಸ್ತ್ರ ನಡೆಯುತ್ತದೆ, ಆದರೆ ಛತ್ರದ ತುಂಬ ಕೂತವರು ಊಟದ ಎಲೆ ಎತ್ತುವವರೆಗೂ ಅದನ್ನೇ ಮಾತಾಡುತ್ತಾರೆ. ಜನ ಏನಂದುಕೊಂಡರೂ ನಾನು ತಡೆದುಕೊಳ್ಳಬಲ್ಲೆ. ಮಗಳ ಎದುರಿಗೆ ಆ ಜಾಗ ಖಾಲಿ ಇರುವುದನ್ನು ತಡೆದುಕೊಳ್ಳಲಾರೆ. ಅವಳಿಗೆ ಇರುವುದು ಒಬ್ಬನೇ ಸೋದರಮಾವ, ನಾಗಮಂಗಲ ತಾಲ್ಲೂಕಿನ ನನ್ನ ತವರೂರಿನಲ್ಲಿರುವ ನನ್ನ ಅಣ್ಣ. ಅವನಿಗೂ ನನಗೂ ಐದು ವರ್ಷದಿಂದ ಮಾತಿರಲಿಲ್ಲ.

ಮಾತು ಬಿಟ್ಟ ಕಾರಣವನ್ನು ಹೇಳಿದರೆ ಈಗಿನವರು ನಗುತ್ತಾರೆ. ನಮ್ಮ ಅವ್ವ ತೀರಿಕೊಂಡು ವರ್ಷ ತುಂಬಿದಾಗ ಅಣ್ಣ ತಿಥಿ ಇಟ್ಟುಕೊಂಡ. ನನ್ನನ್ನು ಹೇಗೆ ಕರೆದ ಎನ್ನುತ್ತೀರಿ? ನೆಂಟರದೆಲ್ಲ ಒಂದು ವಾಟ್ಸ್ಯಾಪ್ ಗ್ರೂಪಿದೆ, ಅದರಲ್ಲಿ ಹಾಕಿದ. ಮೇಲೆ ಯಾರೋ ಕಳಿಸಿದ ಶುಭೋದಯದ ಗುಲಾಬಿ, ಕೆಳಗೆ ಇನ್ಯಾರೋ ಕಳಿಸಿದ ನಿಂಬೆಹಣ್ಣಿನ ಮನೆಮದ್ದು, ಮಧ್ಯದಲ್ಲಿ ನನ್ನ ಹೆತ್ತವ್ವನ ತಿಥಿ. ಕೈಮುಗಿದ ಚಿತ್ರ ಬೇರೆ. ಹೊಟ್ಟೆಯಲ್ಲಿ ಹುಟ್ಟಿದ ಮಗಳು ನಾನು, ಆ ಗುಲಾಬಿ ಕಳಿಸಿದವನ ಸಾಲಿನಲ್ಲಿ ನಿಂತು ಓದಿಕೊಂಡು ಹೋಗಬೇಕಿತ್ತೇ? ನಾನು ಹೋಗಲಿಲ್ಲ. ಗ್ರೂಪನ್ನೂ ಬಿಟ್ಟೆ. ಬಿಟ್ಟರೆ ಅದು ಸುಮ್ಮನೆ ಬಿಡುವುದಿಲ್ಲ, ಇಂಥವರು ಬಿಟ್ಟು ಹೋದರು ಎಂದು ಎಲ್ಲರಿಗೂ ಡಂಗುರ ಹೊಡೆಯುತ್ತದಂತೆ. ನೆಂಟರ ಮುಂದೆಲ್ಲ ನನ್ನ ಮಾನ ಕಳೆದಳು ಎಂದು ಅಣ್ಣ ಹೇಳಿದನೆಂಬ ಸುದ್ದಿ ಬಂತು. ಮೊದಲು ಅವನು ಬರಲಿ ಅಂತ ನಾನು, ಮೊದಲು ಅವಳು ಬರಲಿ ಅಂತ ಅವನು. ಹೀಗೆ ಐದು ವರ್ಷ.

ಮದುವೆಗೆ ಕರೆಯುವುದೆಂದರೆ ನಮ್ಮ ಕಡೆ ಪತ್ರಿಕೆ ಕೊಡುವುದಲ್ಲ. ಹೊಸಿಲ ಹತ್ತಿರ ಹೋಗಿ ನಿಂತು, ಕುಂಕುಮ ಕೊಟ್ಟು, ಎಲೆ ಅಡಿಕೆ ಕೈಗಿಟ್ಟು, ಬೈಸಿಕೊಂಡು ಬರುವುದು. ಬೈಗುಳ ಇಲ್ಲದೆ ಕರೆ ಪೂರ್ತಿಯಾಗುವುದಿಲ್ಲ. ಈಗ ನೆನಪಾಯಿತಾ, ದಾರಿ ಗೊತ್ತಿತ್ತಾ, ಹೋದ ವರ್ಷ ನಾನು ಕಾಲು ಮುರಿದುಕೊಂಡು ಮಲಗಿದ್ದಾಗ ಎಲ್ಲಿ ಹೋಗಿದ್ದೆ, ಅಂತೆಲ್ಲ ಅವರು ಅನ್ನಬೇಕು. ನಾವು ತಲೆತಗ್ಗಿಸಿ, ಏನೋ ಕೆಲಸ ಕಣವ್ವ, ಆಗಲಿಲ್ಲ ಕಣಪ್ಪ ಎನ್ನಬೇಕು. ಆಮೇಲೆ ಕಾಫಿ ಬರುತ್ತದೆ. ಕಾಫಿ ಬಂತೆಂದರೆ ಅವರು ಮದುವೆಗೆ ಬರುತ್ತಾರೆ. ಬೈಯದೆ, ಆಯಿತು ಬರುತ್ತೇವೆ ಅಂದರೆ ಆ ಮನೆಯ ಲೆಕ್ಕದ ಊಟ ಮಾಡಿಸಬೇಕಾಗಿಲ್ಲ.

ಯಜಮಾನರು ಇದೆಲ್ಲ ಮುಗಿದ ಕಾಲ ಅಂದರು. ಇನ್ನು ಮುಂದೆ ಮನುಷ್ಯರು ಮನುಷ್ಯರ ಜೊತೆ ಮಾತಾಡುವುದಿಲ್ಲ, ನಮ್ಮ ಯಂತ್ರ ಅವರ ಯಂತ್ರದ ಜೊತೆ ಮಾತಾಡುತ್ತದೆ, ನಾವು ಆರಾಮಾಗಿ ಕೂತಿರುತ್ತೇವೆ ಅಂದರು. ಅಷ್ಟಕ್ಕೇ ಬಿಟ್ಟಿದ್ದರೆ ಎಂದಿನ ಭವಿಷ್ಯದ ಹಾಗೆ ಅದೂ ಅಟ್ಟ ಸೇರುತ್ತಿತ್ತು. ಆದರೆ ಜೀವಮಾನದಲ್ಲಿ ಒಂದು ಸಲವಾದರೂ ಕಾಲಕ್ಕಿಂತ ಹಿಂದೆ ಬೀಳಬಾರದು ಎಂಬ ಹಟ ಅವರಿಗೆ ಹಿಡಿದಿತ್ತು. ಮೊಬೈಲಿನಲ್ಲೇ ಹುಡುಕಿ ಯಾವುದೋ ಒಂದು ಏರ್ಪಾಟು ಹಿಡಿದರು. ಅದರ ಮುಂದೆ ನಾವು ಸ್ವಲ್ಪ ಹೊತ್ತು ಮಾತಾಡಿದರೆ ನಮ್ಮ ದನಿಯನ್ನು ಕಲಿತುಕೊಳ್ಳುತ್ತದೆ. ಆಮೇಲೆ ನಮ್ಮ ಫೋನಿನಲ್ಲಿರುವ ಎಲ್ಲರಿಗೂ ಒಬ್ಬೊಬ್ಬರಾಗಿ ತಾನೇ ಫೋನ್ ಮಾಡಿ, ಹೆಸರು ಹಿಡಿದು ಕರೆದು, ಮದುವೆಗೆ ಆಹ್ವಾನ ಕೊಡುತ್ತದೆ. ಅವರು ಏನಾದರೂ ಅಂದರೆ ಉತ್ತರವನ್ನೂ ಹೇಳುತ್ತದೆ.

ನನಗೆ ಮೊದಲು ಕೇಳಿಸಿದರು. ದನಿ ಇವರದೇ, ಕೆಮ್ಮು ತೆಗೆದಿತ್ತು. ಭಾಷೆ ಮಾತ್ರ ಇವರದಲ್ಲ. "ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕಾಗಿ ವಿನಮ್ರವಾಗಿ ಪ್ರಾರ್ಥಿಸುತ್ತೇನೆ." ನಾನು ಕೆಂಪು ಪೆನ್ನಿನ ಕಿವಿಯಿಂದ ಕೇಳಿದೆ. ಒಂದು ತಪ್ಪಿಲ್ಲ. ಅಲ್ಪಪ್ರಾಣ ಮಹಾಪ್ರಾಣ ಎಲ್ಲ ಸರಿಯಾಗಿ ಇದ್ದವು. ಇಷ್ಟು ವರ್ಷ ನಾನು ಬೆಂಚಿನ ಮೇಲೆ ನಿಲ್ಲಿಸಿ, ಕಿವಿ ಹಿಂಡಿ ಯಾವ ಕನ್ನಡವನ್ನು ಕಲಿಸಲು ಒದ್ದಾಡಿದೆನೋ, ನನ್ನ ಒಬ್ಬ ವಿದ್ಯಾರ್ಥಿಯ ಬಾಯಲ್ಲೂ ನಿಲ್ಲದ ಆ ಕನ್ನಡ ಈ ಯಂತ್ರಕ್ಕೆ ಬಂದುಬಿಟ್ಟಿತ್ತು. ನೂರಕ್ಕೆ ನೂರು ಕೊಡಬೇಕು. ಕೇಳಿ ನನಗೆ ಮೈ ಉರಿಯಿತು.

ಮಾಡಿಕೊಳ್ಳಿ, ಆದರೆ ನಮ್ಮಣ್ಣನಿಗೆ ಮಾತ್ರ ಇದರಿಂದ ಫೋನ್ ಹೋಗಕೂಡದು, ಅವನನ್ನು ಏನು ಮಾಡಬೇಕೆಂದು ನಾನು ಯೋಚನೆ ಮಾಡುತ್ತಿದ್ದೇನೆ ಎಂದು ಖಡಾಖಂಡಿತ ಹೇಳಿದೆ. ಆಯಿತು ಅಂದರು. ನಮ್ಮವರು ಆಯಿತು ಅಂದರೆ ಕೇಳಿಸಲಿಲ್ಲ ಎಂದು ಅರ್ಥ. ಒಂದು ಬೆಳಿಗ್ಗೆ ತಿಂಡಿ ತಿಂದು ಕೈ ತೊಳೆದುಕೊಂಡು ಗುಂಡಿ ಒತ್ತಿಯೇಬಿಟ್ಟರು.

ಈಗ ಒಂದು ವಿಷಯ ಹೇಳಬೇಕು. ರಿಪೇರಿ ಅಂಗಡಿಯವರ ಫೋನಿನಲ್ಲಿ ಯಾರ ಹೆಸರೂ ಇರುವುದಿಲ್ಲ, ಟಿವಿಯ ಕಾಯಿಲೆ ಇರುತ್ತದೆ. ಹೊಸಹೊಳಲಿನ ಒಬ್ಬ ರಿಟೈರ್ಡ್ ಹೆಡ್ ಮಾಸ್ಟರರು ಇವರ ಫೋನಿನಲ್ಲಿ 'ಹೊಸಹೊಳಲು ಸೌಂಡಿಲ್ಲ'. ಕೋಟೆ ಬೀದಿಯ ಹೆಂಗಸು 'ಗೆರೆ ಬರ್ತದೆ'. ದಿನಕ್ಕೆ ಹತ್ತು ಸಲ ಫೋನ್ ಮಾಡಿ ಪ್ರಾಣ ತಿನ್ನುವ ಒಬ್ಬ ಗಿರಾಕಿ 'ಎತ್ಬ್ಯಾಡ'. ನಮ್ಮ ಗಂಜಾಂ ಬೀಗರು 'ಬೀಗರು ಜೋರು'. ಪೇಟೆಯಲ್ಲಿ ಎಲ್ಲ ಅಂಗಡಿಯವರೂ ಹೀಗೇ ಬರೆದುಕೊಳ್ಳುತ್ತಾರೆ, ಯಾರಿಗೂ ತೊಂದರೆಯಾಗಿರಲಿಲ್ಲ. ಯಂತ್ರಕ್ಕೆ ಇದೆಲ್ಲ ಎಲ್ಲಿ ಗೊತ್ತು? ಅದು ಕಾಯಿಲೆಯನ್ನೆಲ್ಲ ಹೆಸರೆಂದು ತಿಳಿದು, ಹಿಂದೆ ಗೌರವಾನ್ವಿತ, ಮುಂದೆ ಅವರೇ ಸೇರಿಸಿ, ನಾಲ್ಕು ತಾಲ್ಲೂಕಿಗೆ ಫೋನ್ ಹೊಡೆಯಿತು.

ಗೌರವಾನ್ವಿತ ಹೊಸಹೊಳಲು ಸೌಂಡಿಲ್ಲ ಅವರು ತಕ್ಷಣವೇ ವಾಪಸ್ ಫೋನ್ ಮಾಡಿ, ಸೌಂಡು ಈಗ ಬರುತ್ತಿದೆ, ಚಿತ್ರ ಹೋಗಿದೆ ಎಂದು ತಿಳಿಸಿದರು. ಮದುವೆಯ ವಿಷಯ ಅವರ ಕಿವಿಗೆ ಹೋಗಿರಲೇ ಇಲ್ಲ. ಗೌರವಾನ್ವಿತ ಎತ್ಬ್ಯಾಡ ಅವರು ಅಂಗಡಿಗೇ ಬಂದು ನಿಂತರು. ಬೀಗರು ಜೋರು ಮಾತ್ರ ಒಳಗೊಳಗೇ ಖುಷಿಪಟ್ಟರೆಂದು ಮಗಳಿಂದ ಗೊತ್ತಾಯಿತು. ಆ ಹೆಸರು ತಮ್ಮ ದರ್ಬಾರಿಗೆ ಸಿಕ್ಕ ಮರ್ಯಾದೆ ಎಂದು ಅವರು ತಿಳಿದಿದ್ದರಂತೆ.

ಅಂಗಡಿಯ ಪಕ್ಕದಲ್ಲಿ ಆಟೋ, ಬೈಕುಗಳಿಗೆ ಸೀಟು ಹೊಲಿಯುವ ಸಾಬರಿದ್ದಾರೆ. ಮದುವೆಯಾದ ಹೊಸತರಲ್ಲಿ ನಾನು ಬಂದಾಗಿನಿಂದ ನೋಡುತ್ತಿದ್ದೇನೆ, ಇವರಿಬ್ಬರೂ ಒಂದು ಟೀಯನ್ನು ಎರಡು ಲೋಟಕ್ಕೆ ಹಾಕಿಕೊಂಡು ಕುಡಿಯುತ್ತಾರೆ, ಹೋಗಲೋ ಬಾರಲೋ ಅನ್ನುತ್ತಾರೆ. ಅವತ್ತು ಸಾಬರು ಟೀ ಬೇಡ ಅಂದರಂತೆ. ಸಾಯಂಕಾಲ ನಾನು ಅಂಗಡಿಯ ಕಡೆ ಹೋದಾಗ ನನ್ನನ್ನೇ ತಡೆದು ಕೇಳಿದರು.

"ಅರೆ ಭಾಬಿ, ಒಂದೇ ಗೋಡೆ ನಮ್ದು. ಅತ್ಲಾಗಿಂದ ಲೇ ಅಂದ್ರೆ ಇತ್ಲಾಗೆ ಕೇಳಿಸ್ತದೆ. ಫೋನಲ್ಲಿ ತಾವು ಅಂತಾನಲ್ಲ, ನಂದು ಖತಾ ಏನಾಯ್ತು ಹೇಳಿ."

ತಪ್ಪು ನಿಮ್ಮದಲ್ಲ, ಯಂತ್ರದ್ದು ಅಂದೆ. ಯಂತ್ರಕ್ಕೆ ತಮ್ಮ ನಂಬರು ಕೊಟ್ಟದ್ದು ಯಾರು ಎಂದು ಕೇಳಿದರು.

ಎಲ್ಲಕ್ಕಿಂತ ಫಜೀತಿ ಮಾಡಿದವರು ಪಾಂಡವಪುರದ ಚಿಕ್ಕಪ್ಪ, ನಮ್ಮ ಯಜಮಾನರ ತಂದೆಯ ತಮ್ಮ. ಕಳ್ಳರು ನೆಂಟರ ದನಿಯಲ್ಲೇ ಫೋನ್ ಮಾಡಿ ಮೋಸ ಮಾಡುತ್ತಾರೆ ಎಂದು ಅವರು ಟಿವಿಯಲ್ಲಿ ಕೇಳಿದ್ದರು. ಆ ಟಿವಿ ರಿಪೇರಿ ಮಾಡಿ ಕೊಟ್ಟದ್ದೂ ನಮ್ಮವರೇ. ಫೋನಿನಲ್ಲಿ ತಮ್ಮ ಅಣ್ಣನ ಮಗನ ದನಿ, ಆದರೆ ತಾವು, ಪೂಜ್ಯರು, ವಿನಮ್ರ ಅನ್ನುತ್ತಿದೆ. ಚಿಕ್ಕಪ್ಪ ಬುದ್ಧಿವಂತರು, ಪರೀಕ್ಷೆ ಮಾಡಿದರು. ಚಿಕ್ಕವನಿದ್ದಾಗ ನಿನ್ನನ್ನು ಏನಂತ ಕರೀತಿದ್ವಿ ಹೇಳು ಎಂದು ಕೇಳಿದರು. ಯಂತ್ರ, "ತಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು" ಅಂತು. ಅಷ್ಟು ಸಾಕಾಯಿತು. ಮರುಕ್ಷಣವೇ ನೆಂಟರ ಗ್ರೂಪಿನಲ್ಲಿ ಅವರ ದನಿ ಮೊಳಗಿತು. ನಾನು ಆ ಗ್ರೂಪಿನಲ್ಲಿಲ್ಲ, ಮಗಳು ಕೇಳಿಸಿದಳು.

"ದನಿ ನಮ್ ಹೈದಂದೇ ಕಣ್ರಪ್ಪ. ಆದ್ರೆ ಮರ್ವಾದೆ ಕೊಟ್ ಮಾತಾಡ್ತಾ ಅವ್ನೆ. ನಮ್ ಮನ್ಲಿ ಯಾರ್ ಅಂಗ್ ಮಾತಾಡ್ತಾರೆ? ಕಳ್ಳನೇಯ. ಯಾರೂ ಎತ್ಬ್ಯಾಡಿ."

ಅಲ್ಲಿಂದ ಮುಂದೆ ನಮ್ಮ ಯಜಮಾನರ ಫೋನನ್ನು ನೆಂಟರಲ್ಲಿ ಒಬ್ಬರೂ ಎತ್ತಲಿಲ್ಲ. ಅಪ್ಪಿತಪ್ಪಿ ಎತ್ತಿದ ಒಬ್ಬರಿಗೆ ಇವರು ಸ್ವಂತ ಬಾಯಿಂದ, ಸ್ವಂತ ಕೆಮ್ಮಿನೊಂದಿಗೆ, ನಾನು ಕಣ್ಲಾ, ನಿಜವಾಗಲೂ ನಾನೇ ಕಣ್ಲಾ ಎಂದು ಗೋಗರೆದರು. ಆ ಕಡೆಯಿಂದ, ಪರವಾಗಿಲ್ಲ, ಈ ಸಲ ಕೆಮ್ಮು ಬೇರೆ ಕಲಿತಿದ್ದಾನೆ ಎಂದು ಯಾರಿಗೋ ಹೇಳುತ್ತ ಫೋನ್ ಇಟ್ಟರು. ಮನುಷ್ಯರು ಮನುಷ್ಯರ ಜೊತೆ ಮಾತಾಡುವುದಿಲ್ಲ ಎಂಬ ಇವರ ಭವಿಷ್ಯ ಜೀವಮಾನದಲ್ಲಿ ಮೊದಲ ಸಲ ನಿಜವಾಗಿತ್ತು, ಇವರೊಬ್ಬರ ಮಟ್ಟಿಗೆ.

ನನಗೆ ನಗು ಬರುತ್ತಿತ್ತು, ನಿಜ. ಆ ನಗು ಎಷ್ಟು ಹೊತ್ತು ಇತ್ತೆಂದರೆ, ಅಣ್ಣನ ನಂಬರು ತೆಗೆದಿರಾ ಎಂದು ನಾನು ಕೇಳುವವರೆಗೆ. ಇವರು ಕಿಟಕಿಯ ಕಡೆ ನೋಡಿದರು. ತೆಗೆಯಲು ಹೋಗಿದ್ದರಂತೆ, ಆ ಹೊತ್ತಿಗೆ ಯಾರೋ ರಿಮೋಟು ಹಿಡಿದುಕೊಂಡು ಬಂದರಂತೆ, ಮರೆತೇ ಹೋಯಿತಂತೆ. ಅಣ್ಣನ ನಂಬರನ್ನು ಇವರು ಯಾವ ಹೆಸರಿನಲ್ಲಿ ಇಟ್ಟುಕೊಂಡಿದ್ದಾರೆ ಎನ್ನುವುದು ನನಗೆ ಗೊತ್ತಿತ್ತು. ಮಾತು ಬಿಟ್ಟ ವರ್ಷ ಅವನು ಮೂತಿ ಊದಿಸಿಕೊಂಡು ಕೂತಿದ್ದಾನೆ ಎಂದು ನಾನೇ ಬೈಯುತ್ತಿದ್ದೆ. ಅದನ್ನು ಕೇಳಿ ಕೇಳಿ ಇವರು 'ಮೂತಿ ಭಾವ' ಎಂದು ಬದಲಾಯಿಸಿಕೊಂಡಿದ್ದರು.

ಗೌರವಾನ್ವಿತ ಮೂತಿ ಭಾವ ಅವರೇ.

ಮುಗಿಯಿತು ಅಂದುಕೊಂಡೆ. ಗ್ರೂಪಿನಲ್ಲಿ ಕರೆದ ಎಂದು ನಾನು ಐದು ವರ್ಷ ಮಾತು ಬಿಟ್ಟಿದ್ದೆ. ನಾನು ಅವನನ್ನು ಕರೆದದ್ದು ಹೀಗೆ. ಯಜಮಾನರ ಮೇಲೆ ಎಷ್ಟು ಕೂಗಾಡಿದೆನೆಂದರೆ ಮಗಳು ಬಂದು ಬಾಗಿಲು ಹಾಕಿದಳು. ಆಮೇಲೆ ಅವಳೇ ಮೆಲ್ಲಗೆ, ಹೋಗಲಿ ಬಿಡಮ್ಮ, ಚಿಕ್ಕಪ್ಪತಾತನ ಮಗ ಕರೆದುಕೊಂಡು ಬರಲಿ ಅಂದಳು. ಅವಳು ಹಾಗೆ ಸಮಾಧಾನ ಹೇಳಿದ್ದನ್ನು ನನಗೆ ತಡೆಯಲಾಗಲಿಲ್ಲ. ಅಡುಗೆಮನೆಗೆ ಹೋಗಿ ಅತ್ತೆ.

ಮಾರನೆಯ ದಿನ ಬೆಳಿಗ್ಗೆ ಗೇಟು ಸದ್ದಾಯಿತು. ನೋಡಿದರೆ ಅಣ್ಣ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಫೋನು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನಗೆ ಮೊದಲು ಹೊಳೆದದ್ದು ಅದು, ಇವನ ಕೂದಲು ಬೆಳ್ಳಗಾದದ್ದು ನನಗೆ ಗೊತ್ತೇ ಆಗಲಿಲ್ಲವಲ್ಲ ಅಂತ. ಒಳಗೆ ಬಾ ಅಣ್ಣ ಅನ್ನಲು ಬಾಯಿ ತೆಗೆದೆ. ಅವನು ನನ್ನ ಕಡೆ ನೋಡಲೇ ಇಲ್ಲ. ಗೇಟಿನ ಹೊರಗೇ ನಿಂತು, ಒಳಗೆ ಪೇಪರಿನ ಹಿಂದೆ ಅಡಗಿ ಕೂತಿದ್ದ ನಮ್ಮವರನ್ನು ಕೂಗಿದ.

"ಏನ್ ಭಾವ, ಮೂತಿ ಭಾವ ಅಂದ್ರೆ ಯಾರು?"

ಯಜಮಾನರು ಹೊರಗೆ ಬಂದು, ಅದು ನಾನು ಹೇಳಿದ್ದಲ್ಲ, ಮಿಷನ್ನು ತಾನಾಗೇ ಹೇಳಿದ್ದು ಅಂದರು. ಮಿಷನ್ನಿಗೆ ನನ್ನ ಮೂತಿ ಹೇಗೆ ಗೊತ್ತು ಎಂದು ಅಣ್ಣ ಕೇಳಿದ. ಬೀದಿಯ ಜನ ಹಲ್ಲುಜ್ಜುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಅವನು ಕಾಫಿ ಮುಟ್ಟಲಿಲ್ಲ, ಕುರ್ಚಿ ತಂದಿಟ್ಟರೆ ಕೂರಲಿಲ್ಲ. ನಾನು ಓಡಿಹೋಗಿ ದೇವರ ಮುಂದಿದ್ದ ಪತ್ರಿಕೆ, ಕುಂಕುಮದ ಬಟ್ಟಲು ತಂದೆ. ಅವನಿಗೆಂದು ಎತ್ತಿಟ್ಟ ಪತ್ರಿಕೆ ಅದು, ಮನೆದೇವರ ಪತ್ರಿಕೆಯ ಪಕ್ಕದಲ್ಲೇ ಇಟ್ಟಿದ್ದೆ. ಅವನು ಕೈ ಚಾಚಲಿಲ್ಲ. ನನಗೆ ಹೇಳದೆ, ನಮ್ಮವರ ಕಡೆ ನೋಡಿಕೊಂಡೇ ಹೇಳಿದ.

"ನಿಮ್ ಗೇಟಲ್ಲಿ ನಿಂತ್ಕಂಡು ಈಸ್ಕಳಾಕೆ ನಾನೇನ್ ಭಿಕ್ಸೆಗೆ ಬಂದಿದ್ದೀನಾ ಭಾವ? ಕರ್ಯೋರಿಗೆ ನಮ್ಮನೆ ಎಲ್ಲದೆ ಅಂತ ಗೊತ್ತಿಲ್ವಾ?"

ಅಷ್ಟು ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದೇಬಿಟ್ಟ.

ನಾನು ಯೋಚನೆ ಮಾಡಲಿಲ್ಲ. ಉಟ್ಟ ಸೀರೆಯಲ್ಲೇ, ಬುಟ್ಟಿಗೆ ಪತ್ರಿಕೆ, ಕುಂಕುಮ, ಎಲೆ ಅಡಿಕೆ, ಒಂದು ಬ್ಲೌಸ್ ಪೀಸು ಹಾಕಿಕೊಂಡು ಅವನ ಹಿಂದೆಯೇ ಹೋದೆ. ಯಜಮಾನರು, ನಾನೂ ಬರಲಾ ಅಂದರು. ನೀವು ಯಂತ್ರದ ಜೊತೆ ಮಾತಾಡಿಕೊಂಡಿರಿ ಅಂದೆ.

ನಾಗಮಂಗಲದ ಬಸ್ಸು ನಿಂತಿತ್ತು. ಅಣ್ಣ ಹಿಂದಿನ ಬಾಗಿಲಲ್ಲಿ ಹತ್ತಿದ, ನಾನು ಮುಂದಿನ ಬಾಗಿಲಲ್ಲಿ ಹತ್ತಿದೆ. ನನ್ನದು ಆಧಾರ್ ಕಾರ್ಡ್ ತೋರಿಸುವ ಪುಕ್ಕಟೆ ಟಿಕೆಟ್ಟು. ಅವನು ಕಿಟಕಿಯ ಹತ್ತಿರ ಕೂತು ಹೊರಗೆ ನೋಡುತ್ತಿದ್ದ. ಬಸ್ಸು ತುಂಬಿ ಯಾರೋ ನನ್ನ ಮೇಲೆ ವಾಲಿದಾಗ ಮಾತ್ರ ಅವನ ತಲೆ ನನ್ನ ಕಡೆ ತಿರುಗಿದ್ದು ಕಂಡಿತು. ನನಗೆ ಸೀಟು ಸಿಕ್ಕ ಕೂಡಲೇ ಮತ್ತೆ ಕಿಟಕಿಯ ಕಡೆ ತಿರುಗಿತು. ದಾರಿಯಲ್ಲಿ ಒಂದು ಕಡೆ ಬಸ್ಸು ನಿಂತಾಗ ಸೌತೆಕಾಯಿ ಮಾರುವವಳು ಹತ್ತಿದಳು. ಉಪ್ಪು ಖಾರ ಸವರಿದ ಒಂದು ಸೌತೆಕಾಯಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಕೊಂಡು ನನ್ನ ಹತ್ತಿರ ಬಂತು. ಹಿಂದೆ ಬಿಳಿ ತಲೆಯವರು ಕೊಟ್ಟರು ಎಂದು ಪಕ್ಕದವಳು ಹೇಳಿದಳು. ತಿಂದೆ. ಖಾರ ಜಾಸ್ತಿಯಿತ್ತು, ಕಣ್ಣಲ್ಲಿ ನೀರು ಬಂತು. ಖಾರಕ್ಕೇ ಬಂತೆಂದು ಪಕ್ಕದವಳು ತಿಳಿದುಕೊಂಡಳು, ನಾನೂ ಹಾಗೇ ಬಿಟ್ಟೆ.

ಊರಿನ ಗೇಟಿನಲ್ಲಿ ಇಬ್ಬರೂ ಇಳಿದೆವು. ಊರಿಗೆ ಅಲ್ಲಿಂದ ಒಂದಷ್ಟು ನಡೆಯಬೇಕು. ಅವನು ಮುಂದೆ, ನಾನು ಹಿಂದೆ. ಅವನು ಬೇಗ ಬೇಗ ಹೆಜ್ಜೆ ಹಾಕಿದ, ನನ್ನನ್ನು ಬಿಟ್ಟುಹೋಗಲು ಅಂತ ಮೊದಲು ಅನಿಸಿತು. ಆಮೇಲೆ ತಿಳಿಯಿತು, ನನಗಿಂತ ಮುಂಚೆ ಮನೆ ಸೇರಬೇಕು ಅವನಿಗೆ. ಕರೆಯಲು ಬಂದವರಿಗೆ ಬಾಗಿಲು ತೆಗೆಯುವವರು ಮನೆಯೊಳಗೆ ಇರಬೇಕಲ್ಲ. ಹಾಗಾಗಿ ನಾನು ಆಲದ ಮರದ ಹತ್ತಿರ ನಿಂತು ಅವನಿಗೆ ಹೊತ್ತು ಕೊಟ್ಟೆ.

ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದ ಅತ್ತಿಗೆ ನನ್ನನ್ನು ಕಂಡು ಎದ್ದು ನಿಂತಳು. ಅಣ್ಣ ಒಳಗೆ ಹೋಗಿ ಬಾಗಿಲು ಮುಂದಕ್ಕೆ ಹಾಕಿಕೊಂಡಿದ್ದ. ಅತ್ತಿಗೆ ಬಾಗಿಲನ್ನು ನೋಡಿದಳು, ನನ್ನ ಕೈಯ ಬುಟ್ಟಿಯನ್ನು ನೋಡಿದಳು. ಹಿತ್ತಲ ಕಡೆಯಿಂದ ಒಳಗೆ ಹೋದಳು. ನಾನು ಬಾಗಿಲು ತಟ್ಟಿದೆ.

"ಯಾರು?" ಅಂದ.

"ನಾನು ಕಣಣ್ಣ. ಮಗಳ್ ಮದ್ವೆಗೆ ಕರ್ಯಾಕೆ ಬಂದಿವ್ನಿ."

ಬಾಗಿಲು ತೆರೆಯಿತು. ಒಂದೇ ಬಸ್ಸಿನಲ್ಲಿ ಬಂದವನು, ನನ್ನನ್ನು ಐದು ವರ್ಷಕ್ಕೆ ಈಗಲೇ ಕಂಡವನ ಹಾಗೆ ಹೊಸಿಲ ಮೇಲೆ ನಿಂತ.

"ಈಗ ಗ್ಯಾಪ್ಕ ಬಂತಾ?"

ಅಲ್ಲಿಂದ ಶುರುವಾಯಿತು. ಅವ್ವನ ತಿಥಿಗೆ ಬರಲಿಲ್ಲ ಎನ್ನುವುದರಿಂದ ಹಿಡಿದು, ಗ್ರೂಪು ಬಿಟ್ಟು ಮಾನ ಕಳೆದದ್ದು, ಅವನಿಗೆ ಕಣ್ಣಿನ ಆಪರೇಷನ್ ಆದಾಗ ಬಂದು ನೋಡದೇ ಇದ್ದದ್ದು, ನಾಲ್ಕಕ್ಷರ ಕಲಿತು ಮೇಡಂ ಆದೆನೆಂಬ ಧಿಮಾಕು, ಚಿಕ್ಕಂದಿನಲ್ಲಿ ನಾನು ಕಳೆದುಹಾಕಿದ ಅವನ ಬುಗುರಿ, ಯಾವುದನ್ನೂ ಬಿಡಲಿಲ್ಲ. ಕಣ್ಣಿನ ಆಪರೇಷನ್ನಿನ ಸುದ್ದಿ ನನಗೆ ಗೊತ್ತೇ ಇರಲಿಲ್ಲ. ಅದನ್ನೂ ಗ್ರೂಪಿನಲ್ಲೇ ಹಾಕಿದ್ದನಂತೆ. ನೆರೆಮನೆಯವರು ಜಗುಲಿಗೆ ಬಂದು ಕೂತರು. ನಾನು ತಲೆತಗ್ಗಿಸಿ ನಿಂತೆ. ನನ್ನ ಕಡೆಯೂ ಬೇಕಾದಷ್ಟು ಉತ್ತರವಿತ್ತು, ಇಂದಿಗೂ ಇದೆ. ಗುಲಾಬಿಯ ಕೆಳಗೆ ಅವ್ವನನ್ನು ಹಾಕಿದ್ದು ಸರಿಯೆಂದು ನಾನು ಸಾಯುವವರೆಗೂ ಒಪ್ಪುವುದಿಲ್ಲ. ಆದರೆ ಆ ಹೊತ್ತಿಗೆ ಅವನ ಬೈಗುಳ ನನಗೆ ಬೇಕಾಗಿತ್ತು. ಅವ್ವ ಹೋದ ಮೇಲೆ ನನ್ನನ್ನು ಹಾಗೆ ಬೈದವರು ಯಾರೂ ಇರಲಿಲ್ಲ.

ಬೈದು ಬೈದು ಅವನ ಗಂಟಲು ಕಟ್ಟಿತು. ಜಗುಲಿಯ ಮೇಲೆ ಕೂತ, ಟವೆಲ್ಲಿನಿಂದ ಮುಖ ಒರೆಸಿಕೊಂಡ. ಆಮೇಲೆ ದನಿ ಇಳಿಸಿ ಹೇಳಿದ.

"ಇದ್ನೆಲ್ಲ ಮೊನ್ನೇನೇ ಆ ಫೋನಿಗೆ ಬಯ್ದೆ ಕಣವ್ವ. ಭಾವನೇ ಅಂದ್ಕಂಡು, ಒಂದೂ ಬುಡ್ದಂಗೆ ಬಯ್ದೆ. ಬಯ್ತಾ ಬಯ್ತಾ ಅಳು ಬಂದ್ಬುಡ್ತು ನಂಗೆ. ಅದು ಏನಂತು ಗೊತ್ತಾ? ಧನ್ಯವಾದಗಳು ಅಂತು."

ನಾನು ಅವನ ಮುಖ ನೋಡಿದೆ. ಅವನ ಮೂತಿ ಊದಿಕೊಂಡೇ ಇತ್ತು, ಕಣ್ಣು ಮಾತ್ರ ಬೇರೆಯಾಗಿತ್ತು. ಐದು ವರ್ಷದ್ದನ್ನು ಹೊಟ್ಟೆಯಿಂದ ಕಿತ್ತು ಹಾಕಿದ ಮನುಷ್ಯನಿಗೆ ಒಂದು ಧನ್ಯವಾದ ಸಿಕ್ಕಿತ್ತು. ಅದನ್ನು ಹಿಡಿದುಕೊಂಡು ಅವನು ಏನು ಮಾಡಬೇಕಿತ್ತು? ಬೈಸಿಕೊಳ್ಳುವವರನ್ನು ಹುಡುಕಿಕೊಂಡು ಬೆಳಿಗ್ಗೆ ಮೊದಲ ಬಸ್ಸು ಹತ್ತಿದ್ದ.

ಅತ್ತಿಗೆ ಕಾಫಿ ತಂದಳು. ಮೂರು ಲೋಟ. ಕಾಫಿ ನೋಡಿ ನನ್ನ ಜೀವಕ್ಕೆ ಸಮಾಧಾನವಾಯಿತು. ಬುಟ್ಟಿ ಕೆಳಗಿಟ್ಟು, ಅತ್ತಿಗೆಗೆ ಕುಂಕುಮ ಕೊಟ್ಟು, ಅಣ್ಣನ ಕೈಗೆ ಎಲೆ ಅಡಿಕೆ, ಪತ್ರಿಕೆ ಇಟ್ಟೆ. ಹಸೆಮಣೆಗೆ ನೀನೇ ಕರೆದುಕೊಂಡು ಬರಬೇಕು ಅಂದೆ. ಇನ್ಯಾರು ಕರೆದುಕೊಂಡು ಬರುತ್ತಾರೆ ಎಂದು ನನ್ನನ್ನೇ ಗದರಿದ. ಮಗಳಿಗೆ ಫೋನ್ ಮಾಡಿ ಹೇಳೋಣವೆಂದು ನನ್ನ ಫೋನ್ ತೆಗೆದೆ, ಆಮೇಲೆ ಒಳಗಿಟ್ಟೆ. ಮನೆಗೆ ಹೋಗಿಯೇ ಹೇಳುತ್ತೇನೆ ಅನಿಸಿತು.

ಹೊರಡಲು ಎದ್ದೆ. ಹೊಸಿಲು ದಾಟಿ ಅಂಗಳಕ್ಕೆ ಇಳಿದಿದ್ದೆ, ಅಣ್ಣ ನಿಂತ್ಕೊ ಅಂದ. ಚಪ್ಪಲಿ ಮೆಟ್ಟಿಕೊಂಡು ಅವನೂ ಹೊರಗೆ ಬಂದ. ನನ್ನ ಎದುರಿಗೆ ಬಂದು ನಿಂತು, ಟವೆಲ್ಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಪಕ್ಸದಲ್ಲಿ ಅವ್ವಂಗೆ ಎಡೆ ಇಕ್ತೀನಿ. ಬರ್ಬೇಕು. ನಿನ್ಮುಂದೆ ನಿಂತ್ಕಂಡು, ಬಾಯಲ್ಲಿ ಯೋಳ್ತಾ ಇವ್ನಿ. ಕೇಳಿಸ್ತಾ?"

ಪಿತೃಪಕ್ಷದ ಎಡೆಗೆ ಇನ್ನೂ ಎಷ್ಟೋ ತಿಂಗಳಿತ್ತು.

"ಕೇಳಿಸ್ತು ಕಣಣ್ಣ," ಅಂದೆ.